ನಿಮಗಿದು ಗೊತ್ತೇ? ಹಂಪಿ ಆಚೆಯ ಐದು ಊರು, ಒಂದು ಪೊಟ್ಟಣ ಮಂಡಕ್ಕಿ

ಹಂಪಿ ನೋಡಲು ಬಂದವರು ಹೊಸಪೇಟೆಯಲ್ಲಿ ಗೋಬಿ ಮಂಚೂರಿ ತಿಂದು ರಾತ್ರಿ ರೈಲು ಹತ್ತುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಇದೇ ವಿಜಯನಗರ ಜಿಲ್ಲೆಯ ತಾಲ್ಲೂಕುಗಳೆಂಬುದು ಅವರಲ್ಲಿ ಎಷ್ಟೋ ಜನರಿಗೆ ತಿಳಿದೇ ಇಲ್ಲ. ಕಲ್ಲಿನ ರಥ ಹಂಪಿಯಲ್ಲಿದೆ, ಒಪ್ಪೋಣ. ಊಟ ಮಾತ್ರ ಈ ಐದು ಊರುಗಳ ಕಡೆಗಿದೆ.

● ಕೊಟ್ಟೂರಿಗೆ ಹೆಸರು ತಂದ ತಿನಿಸಿಗೆ ಮೇಜು, ಕುರ್ಚಿ, ತಟ್ಟೆ ಯಾವುದೂ ಬೇಡ. ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ. ಹೊರಗಿನವರು ಅದನ್ನು ಮಿರ್ಚಿ ಬಜ್ಜಿ ಎಂದಾರು. ಇಲ್ಲಿ ‘ಎರಡು ಮೆಣಸಿನಕಾಯಿ ಕೊಡ್ರಿ’ ಅಂದರೆ ಸಾಕು, ಯಾರೂ ಹಸಿಮೆಣಸಿನಕಾಯಿ ತಂದಿಡುವುದಿಲ್ಲ. ಉದ್ದನೆಯ, ಖಾರ ಕಡಿಮೆ ಇರುವ ಕಾಯಿಯನ್ನು ಸೀಳಿ, ಉಪ್ಪು ಅಜವಾನ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮಂಡಕ್ಕಿಗೆ ಎಣ್ಣೆ, ಖಾರದ ಪುಡಿ, ಪುಟಾಣಿ ಹಿಟ್ಟು, ಹೆಚ್ಚಿದ ಈರುಳ್ಳಿ. ಒಂದು ಕಡಿತ ಮೆಣಸಿನಕಾಯಿ, ಒಂದು ಮುಕ್ಕು ಮಂಡಕ್ಕಿ, ಹೀಗೆ ತಿನ್ನಬೇಕು. ಎರಡನ್ನೂ ಕಲಸಿ ಚಮಚದಲ್ಲಿ ತಿನ್ನುವವರನ್ನು ಕಂಡರೆ ಅಂಗಡಿಯವರು ಮುಖದ ಮೇಲೆ ಏನೂ ಅನ್ನುವುದಿಲ್ಲ, ಅಷ್ಟೇ.

● ಹೊತ್ತು ನೋಡಿಕೊಂಡು ಹೋಗಿ. ಬೆಳಿಗ್ಗೆ ಹತ್ತಕ್ಕೆ ಮೆಣಸಿನಕಾಯಿ ಕೇಳಿದರೆ ಹೆಚ್ಚಿನ ಕಡೆ ಬಾಣಲೆಯೇ ಒಲೆ ಏರಿರುವುದಿಲ್ಲ. ಬಿಸಿಲು ತಗ್ಗಿದ ಮೇಲೆ ಎಣ್ಣೆ ಕಾಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಬಾಣಲೆ ಸುತ್ತ ಜನ ಕೂಡುತ್ತಾರೆ.

● ಹಕ್ಕ-ಬುಕ್ಕರು ಮೆಣಸಿನಕಾಯಿ ರುಚಿಯನ್ನೇ ನೋಡಿರಲಿಲ್ಲ! ವಿಜಯನಗರ ಕಟ್ಟಿದ 1336ರಲ್ಲಿ ಈ ನೆಲದಲ್ಲಿ ಖಾರಕ್ಕೆ ಇದ್ದದ್ದು ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿ ಅಮೆರಿಕದ ಗಿಡ. ಕರಿಮೆಣಸಿನ ದೇಶ ಹುಡುಕಲು ಹೊರಟ ಕೊಲಂಬಸ್ ದಾರಿ ತಪ್ಪಿ ಅಲ್ಲಿಗೆ ಹೋದ, 1493ರಲ್ಲಿ ಸ್ಪೇನಿಗೆ ಮರಳುವಾಗ ಈ ಹೊಸ ಖಾರವನ್ನು ಹೊತ್ತು ತಂದ. 1503ರಿಂದ ಸ್ಪೇನಿನ ಅಮೆರಿಕ ವ್ಯಾಪಾರವನ್ನೆಲ್ಲ ಅಲ್ಲಿನ ಸೆವಿಲ್ಲೆ ನಗರದ ಕಚೇರಿ ಹಿಡಿತಕ್ಕೆ ತೆಗೆದುಕೊಂಡಿತು. ನಮ್ಮ ಕರಾವಳಿಗೆ ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಗೆ ಬಂದ ಪರದೇಶಿ ಕಾಯಿ ಈಗ ಕೊಟ್ಟೂರಿನ ಮನೆಮಗ. ಸೆವಿಲ್ಲೆಗೆ ಹೋಗಿ ‘ಇಲ್ಲಿ ಒಳ್ಳೆ ಊಟ ಎಲ್ಲಿ ಸಿಗುತ್ತದೆ’ ಎಂದು ಪುಸ್ತಕ ತಿರುವಿ ಹಾಕುವ ನಮ್ಮ ಪ್ರವಾಸಿಗರು ಈ ಲೆಕ್ಕವನ್ನೂ ನೆನಪಿಡಬಹುದು.

● ಪರದೇಶಿ ಅದೊಂದೇ ಅಲ್ಲ. ಕೂಡ್ಲಿಗಿ, ಕೊಟ್ಟೂರು ಕಡೆಯ ಕೆಂಪು ಮಸಾರಿ ಹೊಲಗಳ ಶೇಂಗಾ ದಕ್ಷಿಣ ಅಮೆರಿಕದ್ದು. ಸಾರಿನ ಟೊಮ್ಯಾಟೊ, ಪಲ್ಯದ ಆಲೂಗಡ್ಡೆ ಕೂಡ ಅತ್ತಲಿನವೇ. ಜೋಳ ಮಾತ್ರ ಆಫ್ರಿಕದಿಂದ ಬಂದು ಸಾವಿರಾರು ವರ್ಷ ಕಳೆದು ನಮ್ಮದೇ ಆಗಿದೆ. ಶೇಂಗಾ ಚಟ್ನಿ ಪುಡಿ ಇಲ್ಲದ ರೊಟ್ಟಿ ಊಟವನ್ನು ನಮ್ಮ ಮುತ್ತಜ್ಜಂದಿರ ಮುತ್ತಜ್ಜರು ಹೇಗೆ ಮುಗಿಸುತ್ತಿದ್ದರೋ! ಗುರೆಳ್ಳು ಕಾಪಾಡಿರಬೇಕು.

● ಮಂಡಕ್ಕಿ ಅರಳುವುದಕ್ಕೆ ಎಣ್ಣೆ ಬೇಕಿಲ್ಲ, ಮರಳು ಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪುನೀರು ಹಿಡಿಸುತ್ತಾರೆ. ಅದು ಭಟ್ಟಿಯ ಕಾದ ಮರಳಿಗೆ ಬಿದ್ದ ಕೂಡಲೇ ಕಾಳಿನೊಳಗಿನ ತೇವ ಆವಿಯಾಗಿ ಒಳಗಿನಿಂದ ಒತ್ತುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಕಿ ಉಬ್ಬಿ ಮಂಡಕ್ಕಿಯಾಗುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ನೋಡುವವರಿಗೆ ಚೆಂದ. ಭಟ್ಟಿಯ ಮುಂದೆ ದಿನವಿಡೀ ಕೂತವರ ಕಣ್ಣು, ಎದೆ ಏನಾಗುತ್ತದೆ ಎಂಬುದು ಬೇರೆಯೇ ಕಥೆ. ನೆರೆಯ ದಾವಣಗೆರೆಯಲ್ಲಿ ಇಂಥ ಭಟ್ಟಿಗಳದ್ದೇ ದೊಡ್ಡ ಬಡಾವಣೆಗಳಿವೆ. ಅಲ್ಲಿನ ಹೊಗೆಯ ತಕರಾರು ಇವತ್ತಿನದಲ್ಲ.

● ಸಂಜೆ ಗರಿಗರಿ ಇದ್ದ ಮಂಡಕ್ಕಿಯೇ ಬೆಳಿಗ್ಗೆ ಮೆತ್ತಗಾಗುತ್ತದೆ. ನೀರಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿದರೆ ನಾಷ್ಟಾ ತಯಾರು. ಬಳ್ಳಾರಿ ಮಗ್ಗುಲಿಗೆ ಅದು ಒಗ್ಗರಣೆ, ಗಡಿ ದಾಟಿದರೆ ಉಗ್ಗಾನಿ, ಗದಗಿನ ಕಡೆ ಸೂಸಲ. ಹುಬ್ಬಳ್ಳಿಯವರ ಗಿರಮಿಟ್ ಇದರ ದಾಯಾದಿ. ಯಾರದು ಮೇಲು ಎಂಬ ಜಗಳಕ್ಕೆ ಈ ಅಂಕಣ ಇಳಿಯುವುದಿಲ್ಲ. ಒಗ್ಗರಣೆ ಜೊತೆ ಮೆಣಸಿನಕಾಯಿ ಇಲ್ಲದಿದ್ದರೆ ಅದು ಅರ್ಧ ನಾಷ್ಟಾ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ.

● ಸರ್ಕಾರಿ ಸಾಹೇಬರು ಊರಿಗೆ ಬಂದರೆ ಅವರ ಊಟದ ಖರ್ಚು ಯಾರದು? ಸುಮಾರು 1,700 ವರ್ಷದ ಹಿಂದೆಯೇ ಎದ್ದ ಪ್ರಶ್ನೆ ಇದು! ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಪಟ ಪಲ್ಲವ ದೊರೆ ಶಿವಸ್ಕಂದವರ್ಮನದು. ಸುಮಾರು 4ನೇ ಶತಮಾನದ್ದು, ಭಾಷೆ ಪ್ರಾಕೃತ, ಹೊರಟದ್ದು ಕಂಚಿಯಿಂದ. ಬ್ರಾಹ್ಮಣರಿಗೆ ದತ್ತಿ ಕೊಟ್ಟು, ಆ ನೆಲಕ್ಕೆ ಯಾವ ಯಾವ ಕಾಟ ಇರಕೂಡದು ಎಂದು ಅದು ಪಟ್ಟಿ ಮಾಡುತ್ತದೆ. ಹಾಲು ಮೊಸರು ಕೇಳಬಾರದು, ಉಪ್ಪು ಬೆಲ್ಲಕ್ಕಾಗಿ ಪೀಡಿಸಬಾರದು, ಕಾಯಿಪಲ್ಲೆ ಹೂವು ಎತ್ತಿಕೊಂಡು ಹೋಗಬಾರದು, ಹುಲ್ಲು ಕಟ್ಟಿಗೆ ಮುಟ್ಟಬಾರದು, ಅನ್ನ ಹಾಕು ಮಂಚ ಹಾಸು ಎಂದು ಮನೆಗೆ ನುಗ್ಗಬಾರದು. ಪಟ್ಟಿ ಇಷ್ಟು ಉದ್ದವಿದೆ ಎಂದಮೇಲೆ ಉಳಿದ ಊರುಗಳಲ್ಲಿ ಇದೆಲ್ಲ ನಡೆಯುತ್ತಿತ್ತು ಎಂದೇ ಅರ್ಥ. ಅಧಿಕಾರಿಯ ಪುಕ್ಕಟೆ ಊಟದ ವಿರುದ್ಧ ಈ ಸೀಮೆಯಲ್ಲಿ ಸಿಕ್ಕ ಇಷ್ಟು ಹಳೆಯ ಆದೇಶವನ್ನು ಪ್ರವಾಸಿ ಮಂದಿರಗಳ ಗೋಡೆಗೆ ತೂಗುಹಾಕಬಹುದಿತ್ತು.

● ಅದೇ ಹಿರೇಹಡಗಲಿಯಲ್ಲಿ 1057ರ ಚಾಲುಕ್ಯ ದೇವಾಲಯವಿದೆ, ಕಟ್ಟಿಸಿದವನು ಮಂತ್ರಿ ದೇಮರಸ. ಹರಪನಹಳ್ಳಿ ಮಗ್ಗುಲಿನ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನವೊಂದು 987ರದು. ಎರಡೂ ಕಡೆ ಬೆಳಿಗ್ಗೆಯೇ ಹೋಗಿ ಬನ್ನಿ. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಿರುತ್ತದೆ, ಖಾನಾವಳಿಯಲ್ಲಿ ರೊಟ್ಟಿಯೂ ತೀರುತ್ತಾ ಬಂದಿರುತ್ತದೆ.

● ಈ ಸೀಮೆ ಚಾಲುಕ್ಯರ ಕೈಯಲ್ಲಿದ್ದಾಗಲೇ ಅವರ ದೊರೆ ಮೂರನೇ ಸೋಮೇಶ್ವರ ಅಡುಗೆಯ ಬಗ್ಗೆ ಬರೆದ! 1129ರ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ದೋಸೆ, ಇಡ್ಲಿ, ವಡೆಯ ಹಿರಿಯರೆಲ್ಲ ಇದ್ದಾರೆ. ಇಲಿ ಸುಡುವ ಕ್ರಮವೂ ಇದೆ, ಗಾಬರಿಯಾಗಬೇಡಿ. ಇಡ್ಲಿಯ ಸುದ್ದಿ ಕನ್ನಡದಲ್ಲಿ ಅದಕ್ಕೂ ಹಿಂದೆ, ಹತ್ತನೇ ಶತಮಾನದ ‘ವಡ್ಡಾರಾಧನೆ’ಯಲ್ಲೇ ಬಂದಿದೆ.

● 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನಿಗೆ ಅರಮನೆಯಿಂದ ದಿನವೂ ಬರುತ್ತಿದ್ದ ಪಡಿ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಹೋಟೆಲ್ ಹುಡುಕುವ ತಾಪತ್ರಯವೇ ಇಲ್ಲ. ಅವನ ಕಣ್ಣು ಕುಕ್ಕಿದ್ದು ಊಟವಲ್ಲ, ಪೇಟೆಯ ತುಂಬ ಹೂ ಮಾರುವವರು. ಆ ಹೂ ಹಡಗಲಿಯಿಂದ ತುಂಗಭದ್ರೆಯ ಮೇಲೆ ಹೋಗುತ್ತಿತ್ತು ಎಂದು ಹಡಗಲಿಯವರು ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ.

● ಕೃಷ್ಣದೇವರಾಯನ ನಂತರದ ದಿನಗಳಲ್ಲಿ ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಗಳನ್ನೂ ತಿನ್ನಲು ಮಾರುತ್ತಿದ್ದರು ಎಂದು ಬರೆದಿಟ್ಟ. ಎಲ್ಲವೂ ಜೀವಂತವಿರಬೇಕಂತೆ. ಮಾನಸೋಲ್ಲಾಸದ ಇಲಿ ನಾನೂರು ವರ್ಷವಾದರೂ ಪೇಟೆ ಬಿಟ್ಟಿರಲಿಲ್ಲ.

● ಖಾನಾವಳಿಗೂ ಹೋಟೆಲಿಗೂ ಇರುವ ವ್ಯತ್ಯಾಸ ಬೋರ್ಡಿನಲ್ಲಿ ಇಲ್ಲ, ಸದ್ದಿನಲ್ಲಿದೆ. ಒಳಗೆ ರೊಟ್ಟಿ ಬಡಿಯುವ ಟಪಟಪ ಕೇಳಿದರೆ ಅದು ಖಾನಾವಳಿ. ಇಡ್ಲಿ ದೋಸೆಯ ಹೋಟೆಲು ಕರಾವಳಿಯವರು ಘಟ್ಟದ ಮೇಲೆ ತಂದ ವ್ಯವಹಾರ. ಖಾನಾವಳಿ ಉತ್ತರದ ಕಡೆಯಿಂದ ಬಂದದ್ದು, ಮನೆಯ ಅಡುಗೆಯೇ ಬೀದಿಗೆ ಒಂದು ಬಾಗಿಲು ತೆರೆದ ಹಾಗೆ. ರೊಟ್ಟಿ, ಎಣ್ಣೆಗಾಯಿ ಬದನೆ, ಒಂದು ಕಾಳು ಪಲ್ಯ, ಒಂದು ಸೊಪ್ಪು, ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಮೊಸರು. ಹಸಿ ಮೆಂತ್ಯಸೊಪ್ಪು, ಸೌತೆ, ಮೂಲಂಗಿ, ಈರುಳ್ಳಿ ಪಕ್ಕಕ್ಕೆ. ಕೊನೆಗೆ ಅನ್ನ, ಸಾರು. ಅನ್ನಕ್ಕೆ ಇಲ್ಲಿ ಕೊನೆಯ ಸಾಲು. ಮೊದಲೇ ಅನ್ನ ಕೇಳಿದರೆ ‘ಯಾವೂರ್ರಿ ಯಜಮಾನ್ರ?’ ಎಂಬ ಪ್ರಶ್ನೆ ಬಂದೀತು.

● ಸ್ಪೇನಿನ ಗ್ರಾನಡಾ ಎಂಬ ಹಳೇ ಊರಿನಲ್ಲಿ ಕುಡಿಯಲು ಏನು ಕೇಳಿದರೂ ಜೊತೆಗೊಂದು ಸಣ್ಣ ತಟ್ಟೆ ತಿನಿಸು ಪುಕ್ಕಟೆ ಬರುತ್ತದೆ, ತಪಾಸ್ ಎನ್ನುತ್ತಾರೆ. ಆ ಔದಾರ್ಯವನ್ನು ಹೊಗಳಿ ಪ್ರವಾಸಿಗರು ಪುಟಗಟ್ಟಲೆ ಬರೆಯುತ್ತಾರೆ. ನಮ್ಮ ಖಾನಾವಳಿಯಲ್ಲಿ ಪಲ್ಯ, ಪುಡಿ, ಸಾರು ಎಷ್ಟು ಸಲ ಬಡಿಸಿದರೂ ಲೆಕ್ಕವಿಲ್ಲ, ಅದನ್ನು ಯಾರೂ ಬರೆದಿಲ್ಲ.

● ಜೋಳದ ರೊಟ್ಟಿ ಬಡಿಯುವವರು ಹಿಟ್ಟಿಗೆ ಕುದಿನೀರು ಹಾಕುವುದೇಕೆ? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಜೋಳದಲ್ಲಿಲ್ಲ. ತಣ್ಣೀರಲ್ಲಿ ಕಲಸಿದರೆ ಅಂಚು ಬಿರಿದು ಕೈಗೇ ಬರುತ್ತದೆ. ಬಿಸಿನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಅಂಟು ತರುತ್ತದೆ. ಆಮೇಲೆ ಬಡಿಯುವ ಕೈಯ ವಿದ್ಯೆ. ಬಡಿದದ್ದನ್ನು ಹಂಚಿಗೆ ಹಾಕಿ ಮೇಲ್ಮೈಗೆ ನೀರು ಸವರುವುದು ಒಣಹಿಟ್ಟು ಸುಟ್ಟು ಕಹಿಯಾಗದಿರಲಿ ಎಂದು. ಮೆತ್ತನೆಯದು ಅಂದಿನ ಊಟಕ್ಕೆ. ಗರಿಗರಿಯಾಗಿ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಜಾತ್ರೆಯ ಬುತ್ತಿಗೆ ಅದೇ.

● ಕೂಡ್ಲಿಗಿಯಲ್ಲಿ ರೊಟ್ಟಿ ಮತ್ತು ಮುದ್ದೆ ಒಂದೇ ಬೀದಿಯಲ್ಲಿ ಸಿಗುತ್ತವೆ. ತೆಂಕಲಿಗೆ ಚಿತ್ರದುರ್ಗದ ರಾಗಿಮುದ್ದೆ, ಬಡಗಲಿಗೆ ಜೋಳದ ರೊಟ್ಟಿ, ನಡುವೆ ಜೋಳದ ಮುದ್ದೆ ಉಣ್ಣುವವರೂ ಉಂಟು. ಚಿತ್ರದುರ್ಗ-ಹೊಸಪೇಟೆ ಹೆದ್ದಾರಿ ಪಕ್ಕದ ಡಾಬಾಗಳು ಇದಕ್ಕೆ ತಂದೂರಿಯನ್ನೂ ಸೇರಿಸಿವೆ. ಅದರ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಊರೊಳಗೆ ಬಂದರೆ ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವನ್ನೂ ನೋಡಬಹುದು.

● ಹರಪನಹಳ್ಳಿ ಕೂತಲ್ಲೇ ಕೂತು ಎಷ್ಟು ಜಿಲ್ಲೆ ಸುತ್ತಿದೆ ಗೊತ್ತೇ? ಮದ್ರಾಸ್ ಆಡಳಿತದ ಬಳ್ಳಾರಿ, 1953ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯದ ಬಳ್ಳಾರಿ, 1997ರಿಂದ ದಾವಣಗೆರೆ, 2018-19ರ ಹೊತ್ತಿಗೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಬೋರ್ಡ್ ಬರೆಯುವವರಿಗೆ ಕೈತುಂಬ ಕೆಲಸ. ನಾಲಿಗೆ ಮಾತ್ರ ದಾವಣಗೆರೆಯನ್ನು ಬಿಟ್ಟು ಬಂದಿಲ್ಲ, ಬೆಣ್ಣೆದೋಸೆಯ ಮೋಹ ಇಲ್ಲಿಗೂ ಹಬ್ಬಿದೆ.

● ಆ ಬೆಣ್ಣೆದೋಸೆಯ ಹಿಟ್ಟಿಗೂ ಮಂಡಕ್ಕಿ ಬೀಳುತ್ತದೆ! ಅಕ್ಕಿ, ಉದ್ದು, ಮೆಂತ್ಯದ ಜೊತೆ ನೆನೆಸಿದ ಮಂಡಕ್ಕಿ ರುಬ್ಬುವುದರಿಂದಲೇ ಒಳಗೆ ಮೆತ್ತಗೆ, ಹೊರಗೆ ಗರಿ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕ ಥಿಯೇಟರಿನ ಬಳಿ ರಾಗಿಹಿಟ್ಟಿನ ದೋಸೆ ಹೊಯ್ದದ್ದೇ ಇದರ ಮೊದಲು ಎಂದು ದಾವಣಗೆರೆಯವರು ಹೇಳುತ್ತಾರೆ.

● ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನವರೆಗೆ ತುಂಗಭದ್ರಾ ಜಲಾಶಯದ ಹಿನ್ನೀರು ಚಾಚಿದೆ. ಬಯಲುಸೀಮೆಯ ನಡುವೆ ಹೊಳೆಮೀನಿನ ಸಾರು ಸಿಗುವುದು ಅದರಿಂದಲೇ. ಶ್ರಾವಣ ಸೋಮವಾರ ಕೇಳಲು ಹೋಗಬೇಡಿ.

● ಹೋಟೆಲ್ ಬೋರ್ಡಿಗೆ ಇನ್ನೂ ಏರದ ಅಡುಗೆಯೊಂದಿದೆ. ಈ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಹಬ್ಬದ ದಿನ ಕುರಿಯ ರಕ್ತ ಮತ್ತು ಒಳಭಾಗಗಳಿಂದ ಮಾಡುವ ಸಳೋಯಿ. ರೊಟ್ಟಿಗೆ ಅವರು ಬಾಟಿ ಎನ್ನುತ್ತಾರೆ. ಕರೆದವರ ಮನೆಯಲ್ಲಷ್ಟೇ ಸಿಗುವ ಊಟ, ದುಡ್ಡಿಗೆ ಸಿಗುವಂಥದ್ದಲ್ಲ.

● ಹರಪನಹಳ್ಳಿಯಿಂದ ಹಡಗಲಿಗೆ ಹೋಗುವ ದಾರಿಯುದ್ದ ಮಳೆಗಾಲದಲ್ಲಿ ಆಳೆತ್ತರ ನಿಂತಿರುವುದು ಮೆಕ್ಕೆಜೋಳ. ಊರಿನ ಯಾವ ಊಟದ ತಟ್ಟೆಯಲ್ಲೂ ಅದು ಕಾಣುವುದಿಲ್ಲ. ಹೆಚ್ಚಿನ ಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ. ಕೊಲಂಬಸ್ ಸ್ಪೇನಿಗೆ ತಂದ ಬೆಳೆಗಳಲ್ಲಿ ಇದೂ ಒಂದು. ಮೆಣಸಿನಕಾಯಿ ಅಡುಗೆಮನೆಗೆ ನುಗ್ಗಿತು, ಮೆಕ್ಕೆಜೋಳ ಹೊಲವನ್ನಷ್ಟೇ ಹಿಡಿಯಿತು. ರೊಟ್ಟಿಯ ಬಿಳಿಜೋಳವನ್ನು ರೈತನೂ ಈಗ ಪೇಟೆಯಲ್ಲಿ ಕೊಳ್ಳಬೇಕಾದ ಕಾಲ. ಒಳ್ಳೆಯ ಬೆಲೆ ಕೊಡುವ ಬೆಳೆಯನ್ನು ಹಾಕಿದ ಎಂದು ರೈತನ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೂ ಖಾನಾವಳಿಯಲ್ಲಿ ರೊಟ್ಟಿ ಯಾಕೆ ತುಟ್ಟಿಯಾಯಿತು ಎಂದು ಕೇಳುವವರು ಬಸ್ಸಿನ ಕಿಟಕಿಯಿಂದ ಒಮ್ಮೆ ಹೊರಗೆ ನೋಡಬೇಕು.

● ಈ ಸೀಮೆ ಮನೆ ಬಿಟ್ಟು ಉಂಡ ಕೆಟ್ಟ ಕಾಲವೂ ಇದೆ. 1876-78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ತೀರಾ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವವನಿಗೆ ಗೊತ್ತುಮಾಡಿದ್ದು ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಚಿಲ್ಲರೆ ಕಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಜಗಳಕ್ಕೇ ನಿಂತ. ಆ ವರ್ಷವೇ ಕೂಲಿಯನ್ನು ಏರಿಸಬೇಕಾಯಿತು. ಏರಿಸುವ ಹೊತ್ತಿಗೆ ಸತ್ತವರು ಸತ್ತಿದ್ದರು.

● ಮ್ಯಾಡ್ರಿಡ್‌ನ ಬೋಟಿನ್ ಎಂಬ ಹೋಟೆಲು 1725ರಿಂದ ನಡೆದಿದೆ, ಜಗತ್ತಿನಲ್ಲೇ ಹಳೆಯದೆಂದು ಗಿನ್ನೆಸ್ ದಾಖಲೆ. ನಮ್ಮ ಐದು ಊರುಗಳಲ್ಲಿ ಅಂಥ ಹೋಟೆಲು ಹುಡುಕಿದರೆ ಸಿಗದು, ಕಾರಣ ಸರಳ. ಇಲ್ಲಿ ದಾರಿಹೋಕನಿಗೆ ಅನ್ನ ಹಾಕುವ ಕೆಲಸ ಮಠದ್ದು, ಗುಡಿಯದು, ಛತ್ರದ್ದು. ಅನ್ನ ಮಾರುವುದು ಎಂಬ ಮಾತಿಗೇ ಹಿರಿಯರು ಮುಖ ಸಿಂಡರಿಸುತ್ತಿದ್ದರು.

● ಆ ಹಳೆಯ ಪದ್ಧತಿಯನ್ನು ಇವತ್ತು ಪೂರ್ತಿ ನೋಡಬೇಕೆಂದರೆ ಕೊಟ್ಟೂರು ಗುರುಬಸವೇಶ್ವರ ರಥೋತ್ಸವದ ಹಿಂದಿನ ದಿನಗಳಲ್ಲಿ ಬನ್ನಿ. ಫೆಬ್ರುವರಿ-ಮಾರ್ಚ್ ಹೊತ್ತಿಗೆ ದಾವಣಗೆರೆ, ಹರಪನಹಳ್ಳಿ ಮಾರ್ಗವೆಲ್ಲ ಪಾದಯಾತ್ರಿಗಳು. ರಸ್ತೆ ಬದಿಗೆ ಶಾಮಿಯಾನ, ಟ್ರ್ಯಾಕ್ಟರಿನಲ್ಲಿ ರೊಟ್ಟಿಯ ರಾಶಿ, ಕೊಳಗದಲ್ಲಿ ಪಲ್ಯ, ಉಪ್ಪಿಟ್ಟು, ಮಜ್ಜಿಗೆ, ಕಲ್ಲಂಗಡಿ ಹೋಳು, ಮಂಡಕ್ಕಿ. ಯಾವೂರು, ಯಾರ ಪೈಕಿ ಎಂದು ಕೇಳದೆ ಕೈಹಿಡಿದು ಕೂರಿಸುತ್ತಾರೆ. ‘ಒಂದ್ ರೊಟ್ಟಿನಾರ ತಿಂದ್ ಹೋಗ್ರಿ ತಂಗಿ’ ಎಂದು ಗೋಗರೆಯುವವರು ದುಡ್ಡುಳ್ಳ ದೊಡ್ಡ ರೈತರೇ ಆಗಬೇಕಿಲ್ಲ, ನಾಲ್ಕು ಮನೆಯವರು ಸೇರಿ ಹಿಟ್ಟು ಕೂಡಿಸಿದವರೂ ಇರುತ್ತಾರೆ. ನಡೆಯುವವರಿಗೆ ಹಸಿವಿನ ಕಷ್ಟ ಬೇಡ ಎನ್ನುವುದಷ್ಟೇ ಅವರ ಲೆಕ್ಕ. ಮೂರನೇ ಡೇರೆಯ ಹೊತ್ತಿಗೆ ಕೈಮುಗಿದು ಬೇಡಿಕೊಂಡರೂ ಬಿಡುವುದಿಲ್ಲ.

● ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಎಣ್ಣೆ ಉಣ್ಣುವುದು ಗೋಪುರ! ಮರುಳಸಿದ್ಧೇಶ್ವರ ಗುಡಿಯ ಶಿಖರದ ಮೇಲಿಂದ ಭಕ್ತರು ತಂದ ಎಣ್ಣೆಯನ್ನು ಸುರಿಯುವ ಶಿಖರ ತೈಲಾಭಿಷೇಕ ಬೇಸಿಗೆಯ ಜಾತ್ರೆಯಲ್ಲಿ ನಡೆಯುತ್ತದೆ. ಜರಿಮಲೆ ಪಾಳೇಗಾರರ ಮನೆತನದ ಎಣ್ಣೆಗೆ ಮೊದಲ ಮರ್ಯಾದೆ.

● ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಬರುವವರು ಹೋಟೆಲು ನಂಬಿ ಬರುವುದಿಲ್ಲ. ಗಾಡಿಯಲ್ಲೇ ಬುತ್ತಿ, ಒಲೆಗೆ ಮೂರು ಕಲ್ಲು. ಕರಿ ಕಂಬಳಿಯ ಗೊರವಯ್ಯನ ಮರದ ದೋಣಿಗೆ ಭಕ್ತರು ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ಹಾಕಿ ತುಂಬಿಸುತ್ತಾರೆ. ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ಕಾರಣಿಕ ನುಡಿಯುವ ಗೊರವಯ್ಯನಿಗೆ ಮಾತ್ರ ಅದಕ್ಕೆ ಮುಂಚೆ ದಿನಗಟ್ಟಲೆ ಉಪವಾಸ. ಅವನ ಒಂದು ಸಾಲನ್ನು ಹಿಡಿದು ವರ್ಷದ ಮಳೆ, ಬೆಳೆ, ಕಾಳಿನ ಧಾರಣೆಯನ್ನೆಲ್ಲ ಜನ ಬಿಡಿಸಿಕೊಳ್ಳುತ್ತಾರೆ. ಒಂದೇ ಸಾಲಿಗೆ ರೈತರದೊಂದು ಅರ್ಥ, ದಲ್ಲಾಳಿಗಳದೊಂದು ಅರ್ಥ.

● ಊಟ ಹುಡುಕಿಕೊಂಡು ದೂರದಿಂದ ಬರುವ ಅತಿಥಿಗಳು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೂ ಇದ್ದಾರೆ. ಕೆರೆಯೊಳಗಿನ ಜಾಲಿ ಗಿಡಗಳಲ್ಲಿ ಗೂಡು, ನೀರಲ್ಲಿ ಮೀನು. 2024ರ ಆರಂಭದಲ್ಲಿ ಈ ಪಕ್ಷಿ ಸಂರಕ್ಷಣಾ ಮೀಸಲು ರಾಮ್ಸರ್ ಪಟ್ಟಿ ಸೇರಿತು.

● ಜಾತ್ರೆಯಿಂದ ಬರಿಗೈಲಿ ಮನೆಗೆ ಹೋಗುವಂತಿಲ್ಲ, ಪಳಾರ ಒಯ್ಯಲೇಬೇಕು. ಮಂಡಕ್ಕಿ, ಖಾರ, ಬೆಂಡು ಬತ್ತಾಸು, ಉತ್ತತ್ತಿ, ಒಂದಿಷ್ಟು ಜಿಲೇಬಿ. ಮಂಡಕ್ಕಿಯನ್ನು ಇಲ್ಲಿ ಇನ್ನೂ ಎಷ್ಟೋ ಕಡೆ ತೂಗುವುದಿಲ್ಲ, ಅಳೆದು ಕೊಡುತ್ತಾರೆ. ಅಳತೆ ಮುಗಿದ ಮೇಲೆ ಚೀಲದ ಬಾಯಿ ಮುಚ್ಚದೆ ಹಾಗೇ ಹಿಡಿದು ನಿಲ್ಲಿ. ‘ಮ್ಯಾಲೊಂದ್ ಹಿಡಿ ಹಾಕ್ರಿ’ ಎಂದು ಬಾಯಿಬಿಟ್ಟು ಕೇಳುವ ಮೊದಲೇ ಬೀಳುತ್ತದೆ.